ಮೂವತ್ತೊಂದನೇ ನಂಬರಿನ ಬೀಗ

೨೦೦೪ರ ಜನವರಿ ಹನ್ನೆರಡು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಕೋಲ್ಕತ್ತದ ತಾರಾತಲಾ ಕಡೆಯ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಉಮಾಪತಿ ಮಣ್ಣಿನ ಕುಡಿಕೆಯ ಎರಡನೇ ಚಹಾ ಮುಗಿಸುತ್ತಿದ್ದಾಗ ಐವತ್ತು ದಾಟಿದ ಹೆಂಗಸೊಬ್ಬರು ಬಂದು ಮೇಜಿನ ಮುಂದೆ ನಿಂತರು. ಕೈಯಲ್ಲಿ ನಾಲ್ಕಾಗಿ ಮಡಿಸಿದ ಕಾಗದ ಇತ್ತು.

"ಇಲ್ಲಿ ಕನ್ನಡದೋರು ಒಬ್ಬರಿದ್ದಾರೆ ಅಂತ ಕನ್ನಡ ಸಂಘದಲ್ಲಿ ಹೇಳಿದ್ರು. ನೀವೇನಾ?"

ಉಮಾಪತಿ ಎದ್ದು ಕುರ್ಚಿ ಎಳೆದುಕೊಟ್ಟರು. ಅವರ ಅಪ್ಪ ಹುಬ್ಬಳ್ಳಿಯಿಂದ ಖರಗ್‌ಪುರಕ್ಕೆ ಬಂದು ನೆಲೆಸಿದ ರೈಲ್ವೆ ಗಾರ್ಡ್. ಉಮಾಪತಿಗೆ ಠಾಣೆಯಲ್ಲಿ ಬಂಗಾಳಿ, ಕೋರ್ಟಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಮಾತ್ರ ಧಾರವಾಡ ಕಡೆಯ ಕನ್ನಡ. ಖಾಕಿ ಹಾಕಿಕೊಂಡು ಕನ್ನಡ ಮಾತಾಡುವ ಸಂದರ್ಭ ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

"ನಾನಽ. ಕೂಡ್ರಿ ಅಮ್ಮಾರ. ಏನಾತು?"

ಹೆಂಗಸಿನ ಹೆಸರು ಸಾವಿತ್ರಿ. ಗಂಡ ಗುಂಡಪ್ಪ, ಐವತ್ತೇಳು ವರ್ಷ, ಹತ್ತಿರದ ಸರಕಾರಿ ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ಫೋರ್‌ಮನ್. ಜನವರಿ ಏಳರಂದು ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಸ್ವಚ್ಛತೆಗೆಂದು ನಿಲ್ಲಿಸಿದ್ದ ಒಂದನೇ ಬಾಯ್ಲರ್ ಒಳಗೆ ಇಳಿದಿದ್ದಾಗ ಪಕ್ಕದ ಬಾಯ್ಲರ್‌ನ ಹಬೆ ನುಗ್ಗಿ ಸತ್ತಿದ್ದರು. ಮೈಮೇಲಿದ್ದ ಬಟ್ಟೆ, ವಸ್ತುಗಳ ಪಟ್ಟಿ, ಆಸ್ಪತ್ರೆ ಚೀಟಿ ಎಲ್ಲವನ್ನೂ ಸಾವಿತ್ರಿ ತಂದಿದ್ದರು. ಮಡಿಸಿದ ಕಾಗದ ಮಾತ್ರ ಬೇರೆ. ಅದು ಒಂಬತ್ತನೇ ತಾರೀಖಿನ ಕಂಪನಿ ವರದಿ.

ವರದಿಯ ಕೊನೆಯಲ್ಲಿ ಹೀಗಿತ್ತು: ಫೋರ್‌ಮನ್ ಬೀಗ ಹಾಕುವ ನಿಯಮ ಪಾಲಿಸಲಿಲ್ಲ, ತರಬೇತಿಯಲ್ಲಿದ್ದ ನೌಕರನಿಗೆ ಪ್ರಾದೇಶಿಕ ಭಾಷೆಯಲ್ಲಿ ಅಸ್ಪಷ್ಟ ಆಜ್ಞೆ ಕೊಟ್ಟರು, ಸಾವಿಗೆ ಅವರೇ ಹೊಣೆ.

"ಮೂವತ್ತು ಜನಕ್ಕೆ ಕೆಲಸ ಕಲಿಸಿದ್ರು ಸಾರ್. ಒಬ್ಬರ ಕೈಗೂ ಬೊಬ್ಬೆ ಬಂದಿರಲಿಲ್ಲ. ಅವರು ಹೋದ್ರು, ಅದಕ್ಕೆ ನಾನು ಅತ್ತಾಯ್ತು. ಇದನ್ನ ಬರ್ದಿದ್ದಾರಲ್ಲ, ಇದು ಸುಳ್ಳು."

"ಯಾವುದು ಸುಳ್ಳು?"

"ಅವರು ‘ತೆಗಿ’ ಅಂತ ಕೂಗಿದ್ರಂತೆ. ನಮ್ಮೆಜಮಾನ್ರು ಆ ಮಾತು ಆಡೋರಲ್ಲ."

"ಆಡೂದಿಲ್ಲ ಅಂದ್ರ?"

"ಕೆಲಸದಲ್ಲಿ ಬಿಡಿ, ಮನೇಲೂ ಆಡ್ತಿರಲಿಲ್ಲ. ಲೈಟ್ ಹಾಕು, ಲೈಟ್ ತೆಗಿ ಅಂತ ನಾನಂದ್ರೂ ರೇಗೋರು. ಲೈಟ್ ಹರಿಸು, ಲೈಟ್ ನಿಲ್ಲಿಸು ಅನ್ನಬೇಕು. ನೆಂಟರು ಬಂದ್ರೆ ನಗೋರು, ಇವರಿಗೆ ನಾಚಿಕೆ ಇರಲಿಲ್ಲ. ಮೂವತ್ತು ವರ್ಷ ಇದೇ ಆಗಿದೆ."

ವರದಿಯಲ್ಲಿ ಹೆಸರಿದ್ದ ತರಬೇತಿಯ ನೌಕರ ಬಾಲಕೃಷ್ಣನ ಮೇಲೆ ನಿಮಗೆ ಸಂಶಯವೇ ಎಂದು ಉಮಾಪತಿ ಕೇಳಿದರು. ಸಾವಿತ್ರಿ ಇಲ್ಲವೆಂದು ತಲೆಯಾಡಿಸಿದರು. ಬಾಲಕೃಷ್ಣ ತಮ್ಮ ಮನೆಯಲ್ಲೇ ನಾಲ್ಕಾರು ಸಲ ಉಂಡು ಹೋದವನು, ಪಾಪದವನು ಎಂದರು. ಅವರಿಗೆ ಬೇಕಾಗಿದ್ದು ಒಂದೇ: ವರದಿಯ ಆ ಸಾಲು ಹೋಗಬೇಕು. ಗುಂಡಪ್ಪ ತಮ್ಮ ಬಾಯಿಂದಲೇ ಸತ್ತರು ಎಂದು ಕಾಗದದಲ್ಲಿ ಉಳಿಯಬಾರದು.

ಉಮಾಪತಿ ದೂರು ಬರೆಸಿಕೊಂಡು ಸಹಿ ಹಾಕಿಸಿಕೊಂಡರು. ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು.

ಏಳನೇ ತಾರೀಖು ಉಮಾಪತಿ ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದರಿಂದ ಅಸಹಜ ಸಾವಿನ ಕಡತವನ್ನು ಸಬ್ ಇನ್ಸ್‌ಪೆಕ್ಟರ್ ಒಬ್ಬರು ತಯಾರಿಸಿದ್ದರು. ಕಡತದಲ್ಲಿ ಬಾಲಕೃಷ್ಣನ ಹೇಳಿಕೆ ಇತ್ತು. ಗುಂಡಪ್ಪ ಒಳಗೆ ಇಳಿದ ಮೇಲೆ ಎಲ್ಲೋ ಸ್ವಲ್ಪ ಹಬೆ ಸೋರುತ್ತಿದೆ ಎಂದು ಕೂಗಿದರು, ಆಮೇಲೆ "ತೆಗಿ, ತೆಗಿ" ಎಂದರು. ಬಾಗಿಲು ತೆಗಿ ಎನ್ನುವ ಅರ್ಥದಲ್ಲಿ ತಿಳಿದು ತಾನು ವಾಲ್ವ್ ತೆರೆದೆ. ಅವರು ಹೇಳಿದ್ದು ಲೈಟ್ ತೆಗಿ ಎನ್ನುವ ಅರ್ಥದಲ್ಲಿ, ಬಂದ್ ಮಾಡು ಎಂದು.

ಕಾನ್‌ಸ್ಟೇಬಲ್ ಹಲಧರ್ ಮಂಡಲ್‌ಗೆ ಇದು ತಲೆಗೆ ಹತ್ತಲಿಲ್ಲ. ಉಮಾಪತಿ ಬಂಗಾಳಿಯಲ್ಲಿ ಬಿಡಿಸಿ ಹೇಳಿದರು. ಬಾಗಿಲು ತೆಗಿ ಎಂದರೆ ತೆರೆ. ಲೈಟ್ ತೆಗಿ ಎಂದರೆ ಆರಿಸು. ಬಾಗಿಲು ಹಾಕು ಎಂದರೆ ಮುಚ್ಚು, ಲೈಟ್ ಹಾಕು ಎಂದರೆ ಹೊತ್ತಿಸು.

"ಒಂದೇ ಮಾತಿಗೆ ಎರಡು ಅರ್ಥ ಇಟ್ಟುಕೊಂಡು ನಿಮ್ಮ ಜನ ಇಷ್ಟು ದಿನ ಹೇಗೆ ಬದುಕಿದರು ಸಾರ್?" ಎಂದ ಹಲಧರ್.

ಉಮಾಪತಿಗೂ ಆ ಪ್ರಶ್ನೆ ಮೊದಲ ಸಲ ಎದುರಾಯಿತು. ವಾಲ್ವ್ ಎಂಬುದು ಬಾಗಿಲೂ ಅಲ್ಲ, ದೀಪವೂ ಅಲ್ಲ. ಹೊಸಬ ತಬ್ಬಿಬ್ಬಾಗಬಹುದು. ಹೇಳಿಕೆಯನ್ನು ಅವರು ಎರಡು ಸಲ ಓದಿದರು. ನಂಬುವ ಹಾಗೇ ಇತ್ತು, ಅದೇ ಅವರಿಗೆ ಹಿಡಿಸಲಿಲ್ಲ.

ಮಧ್ಯಾಹ್ನ ಹನ್ನೆರಡು ಐವತ್ತಕ್ಕೆ ಇಬ್ಬರೂ ಕಾರ್ಖಾನೆಯ ಬಾಯ್ಲರ್ ಮನೆಗೆ ಹೋದರು. ಶಿಫ್ಟ್ ಎಂಜಿನಿಯರ್ ಸಾನ್ಯಾಲ್ ಜೊತೆಗೆ ಬಂದರು. ಎರಡು ಬಾಯ್ಲರ್‌ಗಳ ಹಬೆಯೂ ಮೇಲಿನ ಒಂದೇ ದಪ್ಪ ಪೈಪಿಗೆ ಸೇರುತ್ತದೆ. ಒಂದನ್ನು ನಿಲ್ಲಿಸಿ ಮನುಷ್ಯ ಒಳಗೆ ಇಳಿದರೆ, ಇನ್ನೊಂದರ ಹಬೆ ಅವನ ಮೇಲೆ ಬಾರದ ಹಾಗೆ ತಡೆಯುವುದು ನಡುವಿನ ಒಂದು ವಾಲ್ವ್. ಅದರ ಕಬ್ಬಿಣದ ಚಕ್ರ ಬಂಡಿಯ ಗಾಲಿಯಷ್ಟು ದೊಡ್ಡದು. ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಹಾಕುವುದು ನಿಯಮ. ಏಳನೇ ತಾರೀಖಿನ ಪಂಚನಾಮೆಯಲ್ಲಿ ಬರೆದದ್ದು: ಸರಪಳಿ ಒಂದು, ನೆಲದ ಮೇಲೆ, ಬೀಗ ಇಲ್ಲ.

"ಬಾಲಕೃಷ್ಣ ಎಲ್ಲಿಂದ ಬಂದವರು?" ಉಮಾಪತಿ ಕೇಳಿದರು.

"ಪಾರ್ಕ್ ಸ್ಟ್ರೀಟಿನ ಮುಖ್ಯ ಕಚೇರಿಯಿಂದ. ಟೈಪಿಸ್ಟ್ ಆಗಿದ್ದ. ಕಳೆದ ವರ್ಷ ಅಲ್ಲಿ ಕಂಪ್ಯೂಟರ್ ಬಂತು. ಏಳು ಟೈಪಿಸ್ಟ್‌ಗಳು ಹೆಚ್ಚುವರಿ ಆದರು. ಒಬ್ಬೊಬ್ಬರನ್ನು ಒಂದೊಂದು ಕಡೆ ಹಾಕಿದರು."

"ನಲವತ್ತೇಳು ವರ್ಷದ ಟೈಪಿಸ್ಟನ್ನ ಬಾಯ್ಲರ್‌ಗೆ?"

"ಆದೇಶ ಮೇಲಿಂದ ಬಂದದ್ದು." ಸಾನ್ಯಾಲ್ ಕನ್ನಡಕ ಒರೆಸಿಕೊಂಡರು.

ಇಡೀ ಕೋಲ್ಕತ್ತ ಆ ವರ್ಷ ಸಾಲ್ಟ್ ಲೇಕ್ ಕಡೆ ಏಳುತ್ತಿದ್ದ ಗಾಜಿನ ಕಟ್ಟಡಗಳ ಸುದ್ದಿಯಲ್ಲಿತ್ತು. ಕಂಪ್ಯೂಟರ್ ಎಷ್ಟು ಜನಕ್ಕೆ ಕೆಲಸ ಕೊಟ್ಟಿತು ಎಂದು ದಿನವೂ ಪೇಪರಿನಲ್ಲಿ ಬರುತ್ತಿತ್ತು. ಕುರ್ಚಿ ಕಳೆದುಕೊಂಡ ಏಳು ಜನ ಎಲ್ಲಿ ಹೋಗಿ ಕೂತರು ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಗೋಡೆಯ ಮೇಲೆ ಗುಂಡಪ್ಪನ ಹಲಗೆ ಇತ್ತು. ಒಂದರಿಂದ ಮೂವತ್ತೊಂದರವರೆಗೆ ನಂಬರು ಬರೆದ ಮೊಳೆಗಳು. ಮೊಳೆಗೊಂದು ಹಿತ್ತಾಳೆ ಬೀಗ. ಕಲಿಯಲು ಬಂದ ಪ್ರತಿಯೊಬ್ಬನಿಗೂ ಗುಂಡಪ್ಪ ಒಂದು ಬೀಗ, ಒಂದೇ ಕೀಲಿಕೈ ಕೊಡುತ್ತಿದ್ದರು; ಜೋಡಿ ಕೀಲಿಯನ್ನು ಅವನೆದುರಿಗೇ ಸುತ್ತಿಗೆಯಿಂದ ಜಜ್ಜುತ್ತಿದ್ದರು. ವರ್ಗವಾಗಿ ಹೋದವರ, ನಿವೃತ್ತರಾದವರ ಬೀಗ ಕೂಡ ಅಲ್ಲೇ ತೂಗುತ್ತಿದ್ದವು. ಮೂವತ್ತೊಂದನೇ ಮೊಳೆ ಖಾಲಿ ಇತ್ತು.

ಹಲಗೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಕಾಗದದೊಳಗೆ ಟೈಪ್ ಮಾಡಿದ ಹಾಳೆಯೊಂದಿತ್ತು. ಸುರಕ್ಷತೆಯ ಹತ್ತು ಸಾಲುಗಳು, ಇಂಗ್ಲಿಷಿನಲ್ಲಿ. ಮಾರ್ಜಿನ್ ನೂಲು ಹಿಡಿದಂತೆ ನೇರ, ಒಂದು ಅಕ್ಷರವೂ ತಪ್ಪಿಲ್ಲ. ಉಮಾಪತಿ ಓದಿ, ಒಂದು ಪ್ರತಿ ಕೇಳಿ ಪಡೆದು ಕಡತದಲ್ಲಿ ಇಟ್ಟರು.

ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ಹಳೇ ಫೈರ್‌ಮನ್ ಒಬ್ಬನನ್ನು ಹಲಧರ್ ಬದಿಗೆ ಕರೆದು ವಿಚಾರಿಸಿದ.

"ಏಳನೇ ತಾರೀಖು ನೀನು ಎಲ್ಲಿದ್ದೆ?"

"ಕಲ್ಲಿದ್ದಲು ಅಂಗಳದಲ್ಲಿ. ಗುಂಡಪ್ಪ ಮೇಸ್ತ್ರಿಯೇ ಕಳಿಸಿದರು. ಅರ್ಧ ಗಂಟೆ ಯಾರೂ ಬರಬೇಡಿ ಅಂದರು."

"ನಿಮಗೆ ಅವರು ಯಾವ ಭಾಷೆಯಲ್ಲಿ ಹುಕುಂ ಕೊಡುತ್ತಿದ್ದರು?"

"ನಮಗೆ ಬಂಗಾಳಿಯಲ್ಲೇ, ಚಾಲು, ಬೊಂದೊ. ಟೈಪಿಸ್ಟ್ ಬಾಬುಗೆ ಬೇರೆ ಎರಡು ಮಾತು. ಹೊರಿಸು, ನಿಲ್ಲಿಸು. ಕೇಳಿ ಕೇಳಿ ನಮಗೂ ಬಾಯಿಗೆ ಬಂದಿತ್ತು." ಹರಿಸು ಅವನ ಬಂಗಾಳಿ ನಾಲಿಗೆಯಲ್ಲಿ ಹೊರಿಸು ಆಗಿತ್ತು.

"ತೆಗಿ?"

"ಅದು ಏನು?"

ಹಲಧರ್ ಅದನ್ನು ಹಾಗೇ ಬರೆದುಕೊಂಡ.

ಸಂಜೆ ಐದು ಗಂಟೆಗೆ ಉಮಾಪತಿ ಹಲಧರ್ ಜೊತೆ ಸದರ್ನ್ ಅವೆನ್ಯೂ ಹಿಂದಿನ ಗಲ್ಲಿಯಲ್ಲಿ ಬಾಲಕೃಷ್ಣನ ಬಾಡಿಗೆ ಮನೆಗೆ ಹೋದರು. ಒಂದೂವರೆ ಕೋಣೆ. ಹೆಂಡತಿ ಅನಸೂಯ ಚಹಾ ಇಟ್ಟು ಒಳಗೆ ಹೋದರು. ಬಾಲಕೃಷ್ಣ ಕುಂದಾಪುರ ಕಡೆಯವನು, ಸಣಕಲು ಮೈ. ಬೆರಳುಗಳು ಮಾತ್ರ ಉದ್ದ, ಮಾತಾಡುವಾಗ ಮಂಡಿಯ ಮೇಲೆ ಸುಮ್ಮನೆ ಬಡಿಯುತ್ತಿದ್ದವು. ಮೂಲೆಯಲ್ಲಿ ಬಟ್ಟೆ ಮುಚ್ಚಿದ ಟೈಪ್‌ರೈಟರ್ ಇತ್ತು. ಕಚೇರಿ ಹರಾಜು ಹಾಕಿದಾಗ ತನ್ನದೇ ಯಂತ್ರವನ್ನು ತಾನೇ ಕೊಂಡು ತಂದಿದ್ದನಂತೆ.

"ನನ್ನನ್ನು ಹಿಡ್ಕೊಂಡು ಹೋಗಿ ಸಾರ್. ನನ್ನ ಕೈಯಿಂದಲೇ ಆದದ್ದು." ಅವನ ಕಣ್ಣು ತುಂಬಿತ್ತು. ಅದು ನಟನೆಯಾಗಿರಲಿಲ್ಲ, ಉಮಾಪತಿ ಅಷ್ಟು ಅಳು ನೋಡಿದ್ದರು.

"ಹಿಡಿಯೂದು ಆಮ್ಯಾಲೆ. ಕತ್ತಲಾತು, ಆ ಲೈಟ್ ಹಾಕ್ರಿ."

ಬಾಲಕೃಷ್ಣ ಎದ್ದು ಲೈಟ್ ಹಾಕಿದ.

"ಕಿಟಕಿ ತಗೀರಿ. ಹೊಗೀ ಐತಿ."

ಕಿಟಕಿ ತೆರೆದ.

"ಕಣ್ಣಿಗೆ ಚುಚ್ಚತೈತಿ. ಲೈಟ್ ತಗದ ಬಿಡ್ರಿ."

ಆರಿಸಿದ. ಆಮೇಲೆ ನಿಂತಲ್ಲೇ ಇನ್ಸ್‌ಪೆಕ್ಟರ್ ಮುಖ ನೋಡಿದ.

"ಒಮ್ಮೆನೂ ತಪ್ಪಲಿಲ್ಲ ನೀವು," ಎಂದರು ಉಮಾಪತಿ.

"ಮನೆಯಲ್ಲಿ ತಪ್ಪುವುದಿಲ್ಲ ಸಾರ್. ವಾಲ್ವ್ ನನಗೆ ಹೊಸತು."

ಉತ್ತರ ಸರಿಯಾಗಿಯೇ ಇತ್ತು. ಈ ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು ಉಮಾಪತಿಗೂ ಗೊತ್ತಿತ್ತು. ಉತ್ತರ ಇಷ್ಟು ಬೇಗ ಬಂದದ್ದು ಮಾತ್ರ ಮನಸ್ಸಿನಲ್ಲಿ ಕೂತಿತು.

"ಹರಿಸು, ನಿಲ್ಲಿಸು. ಇದು ಕಲಿಸಿರಲಿಲ್ಲೇನು ಗುಂಡಪ್ಪ?"

"ಕಲಿಸಿದ್ದರು. ಗಾಬರಿಯಲ್ಲಿ ಅವರಿಗೇ ಬಾಯಿ ತಪ್ಪಿರಬೇಕು."

"ಬೀಗ ಹಾಕಿದ್ರೇನು ಅವತ್ತು?"

"ಇಲ್ಲ. ಹತ್ತು ನಿಮಿಷದ ಕೆಲಸ, ಬೇಡ ಅಂದರು."

"ನಿಮ್ಮ ಬೀಗ ಎಲ್ಲಿ?"

"ಬೋರ್ಡಿನಲ್ಲೇ ಉಂಟು."

"ನೋಡಿದ್ರಿ?"

"ಹೌದು ಸಾರ್, ಮೂವತ್ತೊಂದು."

ಉಮಾಪತಿ ಚಹಾ ಕುಡಿದು ಎದ್ದರು. ಖಾಲಿ ಮೊಳೆಯ ಮಾತು ಎತ್ತಲಿಲ್ಲ. ಮೆಟ್ಟಿಲು ಇಳಿಯುವಾಗ ಹಲಧರ್‌ಗೆ ಹೇಳಿ ಗಲ್ಲಿಯ ತುದಿಯ ಪಾನ್ ಅಂಗಡಿಯ ಬಳಿ ಮಫ್ತಿಯಲ್ಲಿ ಒಬ್ಬನನ್ನು ನಿಲ್ಲಿಸಿದರು.

ಜನವರಿ ಹದಿಮೂರು, ಬೆಳಿಗ್ಗೆ ಒಂಬತ್ತು ಗಂಟೆ. ಗುಂಡಪ್ಪನ ಕ್ವಾರ್ಟರ್ಸ್, ಎರಡನೇ ಮಹಡಿ. ಉಮಾಪತಿ ಕೇಳಲು ಬಂದಿದ್ದು ಒಂದೇ ವಿಷಯ: ಒಳಗೆ ಇಳಿಯುವಾಗ ಗುಂಡಪ್ಪ ತಮ್ಮ ಬೀಗದ ಕೀಲಿಯನ್ನು ಎಲ್ಲಿ ಇಡುತ್ತಿದ್ದರು? ಮೈಮೇಲಿನ ವಸ್ತುಗಳ ಪಟ್ಟಿಯಲ್ಲಿ ಕೀಲಿ ಇರಲಿಲ್ಲ.

"ಉಡಿದಾರಕ್ಕೆ ಕಟ್ಕೋತಿದ್ರು," ಎಂದರು ಸಾವಿತ್ರಿ. "ಅಂಗಿ ಪ್ಯಾಂಟು ಬದಲಾಗುತ್ತೆ, ಉಡಿದಾರ ಬದಲಾಗಲ್ಲ ಅನ್ನೋರು."

"ಅವತ್ತು ಇರಲಿಲ್ಲ."

"ಅವತ್ತು ಬಿಚ್ಚಿಟ್ಟು ಹೋದ್ರಲ್ಲ. ಬನ್ನಿ ಇಲ್ಲಿ."

ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಪಕ್ಕದಲ್ಲಿ ಸಣ್ಣ ಕೀಲಿ ಇತ್ತು. ಸಾವಿತ್ರಿ ಅದನ್ನು ಮುಟ್ಟದೆ ತೋರಿಸಿದರು.

"ಯಾಕ ಬಿಚ್ಚಿಟ್ರು?"

"ಯಾರಾದ್ರೂ ಕಲಿತು ಮುಗಿಸಿದ ದಿನ ಹಂಗೇ ಮಾಡ್ತಿದ್ರು. ಅವತ್ತು ಇವರ ಬೀಗ ಇಲ್ಲ, ಕಲಿತವನ ಬೀಗ ಮಾತ್ರ. ಇವರು ಒಳಗಿಳಿಯೋದು, ಕೀಲಿ ಅವನ ಕೈಲಿ. ನಾನು ಬೇಡ ಅಂತ ಎಷ್ಟು ಜಗಳ ಆಡಿದ್ದೀನಿ. ‘ನನ್ನ ಜೀವ ಒಂದು ಸಲ ಅವನ ಜೇಬಲ್ಲಿ ಕೂತರೆ ಸಾವಿತ್ರಿ, ಆಮೇಲೆ ಅವನು ಯಾರ ಜೀವಾನೂ ಹಗುರ ಮಾಡಲ್ಲ’ ಅನ್ನೋರು. ಮೂವತ್ತು ಸಲ ಆಗಿತ್ತು."

ಉಮಾಪತಿ ಬಾಗಿ ಕೀಲಿಯನ್ನು ನೋಡಿದರು. ಅವರಿಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಇನ್ನೂ ಸ್ಪಷ್ಟವಿರಲಿಲ್ಲ. ಇದು ನಿಯಮಕ್ಕೆ ವಿರುದ್ಧ, ಒಳಗೆ ಇಳಿದವನ ಕೀಲಿ ಅವನ ಬಳಿಯೇ ಇರಬೇಕು. ಆದರೆ ಬೀಗ ಬೇಡ ಎನ್ನುವ ಮನುಷ್ಯ ಮನೆಯಲ್ಲಿ ತನ್ನ ಕೀಲಿಯನ್ನು ದೇವರ ಮುಂದೆ ಇಟ್ಟು ಹೊರಡುವುದಿಲ್ಲ. ಏಳರಂದು ಆ ಚಕ್ರಕ್ಕೆ ಬೀಗ ಬಿದ್ದಿತ್ತು. ಬಾಲಕೃಷ್ಣನದೇ ಬೀಗ, ಕೀಲಿ ಬಾಲಕೃಷ್ಣನದೇ ಕೈಯಲ್ಲಿ.

ಇಬ್ಬರು ಸಾಕ್ಷಿಗಳ ಮುಂದೆ ಕೀಲಿಯನ್ನು ವಶಪಡಿಸಿಕೊಂಡು ಪಂಚನಾಮೆ ಬರೆದರು. ಸಮಯ ಒಂಬತ್ತು ಐವತ್ತು.

ಹನ್ನೊಂದು ಗಂಟೆಗೆ ಅವರು ಪಾರ್ಕ್ ಸ್ಟ್ರೀಟಿನ ಮುಖ್ಯ ಕಚೇರಿಯಲ್ಲಿದ್ದರು. ಬಾಯಿ ತಪ್ಪಿದ್ದು ಸುಳ್ಳಾದರೆ, ಹಾಗೆ ಹೇಳಲು ಒಂದು ಕಾರಣ ಇರಬೇಕು. ಟೈಪಿಂಗ್ ಕೋಣೆಯಲ್ಲಿ ಈಗ ಹನ್ನೆರಡು ಕಂಪ್ಯೂಟರ್‌ಗಳಿದ್ದವು, ಇಪ್ಪತ್ತೈದು ದಾಟದ ಹುಡುಗ ಹುಡುಗಿಯರು ಕೂತಿದ್ದರು. ಕಿಟಕಿಯಿಂದ ಕೆಳಗಿನ ಬೇಕರಿಯ ವಾಸನೆ ಬರುತ್ತಿತ್ತು. ಬಾಲಕೃಷ್ಣ ಇಪ್ಪತ್ತೆರಡು ವರ್ಷ ಆ ಕಿಟಕಿಯ ಪಕ್ಕದಲ್ಲೇ ಕೂತಿದ್ದ ಎಂದು ಹೆಡ್ ಕ್ಲರ್ಕ್ ಹೇಳಿದ.

"ಇಲ್ಲಿಂದ ಹೋದ ಮೇಲೆ ಅವನ ಕಡೆಯಿಂದ ಕಾಗದ ಏನಾದರೂ ಬಂತೆ?"

"ಬರುತ್ತಿತ್ತು. ವಾಪಸು ಕರೆಸಿಕೊಳ್ಳಿ ಅಂತ. ಈಗ ಎಲ್ಲ ಇ-ಮೇಲ್, ಕಾಗದ ಯಾರು ನೋಡುತ್ತಾರೆ? ಆ ತಟ್ಟೆಯಲ್ಲಿ ಇರಬಹುದು."

ತಟ್ಟೆಯಲ್ಲಿ ಧೂಳು ಹಿಡಿದ ಲಕೋಟೆಗಳಿದ್ದವು. ಬಾಲಕೃಷ್ಣನವು ಮೂರು. ಎರಡನ್ನು ಒಡೆದಿದ್ದರು, ಮೂರನೆಯದನ್ನು ಒಡೆದೇ ಇರಲಿಲ್ಲ. ಉಮಾಪತಿ ಹೆಡ್ ಕ್ಲರ್ಕ್‌ನ ಎದುರಿಗೇ ಒಡೆಸಿದರು.

ಜನವರಿ ಆರರ ತಾರೀಖು. ಅದೇ ನೇರ ಮಾರ್ಜಿನ್. ತಾನು ಬಾಯ್ಲರ್ ಕೆಲಸಕ್ಕೆ ಯೋಗ್ಯನಲ್ಲ, ಫೋರ್‌ಮನ್ ಸಾಹೇಬರು ಕನ್ನಡದಲ್ಲಿ ಕೊಡುವ ‘ತೆಗಿ’ ಎಂಬ ಆಜ್ಞೆ ತನಗೆ ಗೊಂದಲ ಉಂಟುಮಾಡುತ್ತಿದೆ, ಇದರಿಂದ ಮುಂದೆ ಅನಾಹುತ ಆದರೆ ತಾನು ಹೊಣೆಯಲ್ಲ, ದಯವಿಟ್ಟು ಮುಖ್ಯ ಕಚೇರಿಗೆ ಮರಳಿಸಬೇಕು.

ಲಕೋಟೆಯ ಮೇಲೆ ಸ್ವೀಕೃತಿ ಮುದ್ರೆ ಇತ್ತು: ಜನವರಿ ಏಳು, ಬೆಳಿಗ್ಗೆ ಹತ್ತು ಹದಿನೈದು.

ಗುಂಡಪ್ಪ ಸತ್ತದ್ದು ಹನ್ನೊಂದು ಇಪ್ಪತ್ತಕ್ಕೆ. ಅವರು ಆಡದ ಮಾತು ಒಂದು ಗಂಟೆ ಐದು ನಿಮಿಷ ಮೊದಲೇ ಪಾರ್ಕ್ ಸ್ಟ್ರೀಟ್ ತಲುಪಿತ್ತು.

ಹಲಧರ್ ಮುದ್ರೆಯನ್ನು ಎರಡು ಸಲ ನೋಡಿದ. "ಸಾರ್, ಇದನ್ನು ಯಾರಾದರೂ ಅವತ್ತೇ ಓದಿದ್ದರೆ?"

ಹೆಡ್ ಕ್ಲರ್ಕ್ ಲಕೋಟೆಯ ಚೂರುಗಳನ್ನು ಕಸದ ಬುಟ್ಟಿಗೆ ಹಾಕಲು ಹೋದಾಗ ಉಮಾಪತಿ ಗದರಿ ತಡೆದರು.

ಜನವರಿ ಹದಿನಾಲ್ಕು, ಬೆಳಿಗ್ಗೆ ಏಳೂವರೆ. ಕೋರ್ಟಿನಿಂದ ಪಡೆದ ಶೋಧನಾ ವಾರಂಟ್ ಹಿಡಿದು ಬಾಲಕೃಷ್ಣನ ಮನೆಗೆ ಹೋದರು. ನೆರೆಯ ಇಬ್ಬರು ಸಾಕ್ಷಿಗಳಾಗಿ ನಿಂತರು. ಪೊಲೀಸರು ಕಪಾಟು, ಹಾಸಿಗೆ, ಅಡುಗೆಮನೆಯ ಡಬ್ಬಗಳನ್ನೆಲ್ಲ ನೋಡಿದರು. ಬಾಲಕೃಷ್ಣ ಗೋಡೆಗೆ ಒರಗಿ ನಿಂತಿದ್ದ. ಹಲಧರ್ ಮೂಲೆಯ ಟೈಪ್‌ರೈಟರ್ ಮೇಲಿನ ಬಟ್ಟೆಗೆ ಕೈ ಹಾಕಿದಾಗ ಅವನ ಬೆರಳುಗಳು ತೊಡೆಯ ಮೇಲೆ ಬಡಿಯುವುದು ನಿಂತಿತು. ಉಮಾಪತಿ ಅದನ್ನು ಗಮನಿಸಿದರು.

"ಅದನ್ನ ಎತ್ತು," ಎಂದರು.

ಯಂತ್ರದ ಕೆಳಗೆ, ಅದರ ಪೆಟ್ಟಿಗೆಯ ತಳದಲ್ಲಿ, ಕರವಸ್ತ್ರದಲ್ಲಿ ಸುತ್ತಿದ ಹಿತ್ತಾಳೆ ಬೀಗ ಇತ್ತು. ಮೇಲೆ ಕೊರೆದ ನಂಬರು ಮೂವತ್ತೊಂದು. ಕೀಲಿ ಅದರಲ್ಲೇ ಇತ್ತು. ಪಕ್ಕದ ರಟ್ಟಿನ ಕಡತದಲ್ಲಿ ಅವನು ತನ್ನ ಹೆಸರಿನಲ್ಲಿ ಟೈಪ್ ಮಾಡಿದ ಎಲ್ಲ ಅರ್ಜಿಗಳ ಕಾರ್ಬನ್ ಪ್ರತಿ, ತಾರೀಖಿನ ಪ್ರಕಾರ. ಕೊನೆಯ ಹಾಳೆ ಜನವರಿ ಆರರ ಅರ್ಜಿ. ಅದನ್ನು ಸುಟ್ಟುಹಾಕಲು ಅವನಿಗೆ ಒಂದು ವಾರ ಸಮಯ ಇತ್ತು. ಕಾರ್ಬನ್ ಪ್ರತಿ ನಾಶ ಮಾಡುವುದು ಅವನ ಕೈಗೆ ಬರದ ಕೆಲಸ.

"ಬೋರ್ಡಿನಲ್ಲಿ ಐತಿ ಅಂದಿದ್ರಿ," ಎಂದರು ಉಮಾಪತಿ.

ಬಾಲಕೃಷ್ಣ ನೆಲದ ಮೇಲೆ ಕೂತುಬಿಟ್ಟ. ಅನಸೂಯ ಬಾಗಿಲಲ್ಲಿ ನಿಂತು ಗಂಡನನ್ನೂ ಬೀಗವನ್ನೂ ನೋಡಿದರು. "ಇದೆಂತ?" ಎಂದಷ್ಟೇ ಕೇಳಿದರು.

ಎಂಟು ಇಪ್ಪತ್ತಕ್ಕೆ ಬಂಧನದ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಭಾರತೀಯ ದಂಡ ಸಂಹಿತೆಯ ಕಲಂ ೩೦೪, ಕೊಲೆಯಲ್ಲದ ನರಹತ್ಯೆ; ಕಲಂ ೨೦೧, ಸಾಕ್ಷ್ಯನಾಶ.

ಠಾಣೆಯಲ್ಲಿ ವಿಚಾರಣೆ ಹತ್ತು ಗಂಟೆಗೆ ಶುರುವಾಯಿತು. ಪಕ್ಕದ ಮೇಜಿನಲ್ಲಿ ಹಲಧರ್ ಬೇರೆ ಯಾವುದೋ ಪಟ್ಟಿಯನ್ನು ಎರಡು ಬೆರಳಿನಲ್ಲಿ ಟೈಪ್ ಮಾಡುತ್ತಿದ್ದ. ಒಂದೊಂದು ಅಕ್ಷರಕ್ಕೂ ಬಾಲಕೃಷ್ಣ ಅತ್ತ ತಿರುಗುತ್ತಿದ್ದ.

"ಚಕ್ರಕ್ಕ ಬೀಗ ಹಾಕಿದವರು ಯಾರು?"

"ನಾನು."

"ತಗದವರು?"

"ನಾನೇ."

"ಗುಂಡಪ್ಪ ಒಳಗಿಂದ ಏನಂದ್ರು?"

"ಎಂತದೂ ಹೇಳಲಿಲ್ಲ. ಒಳಗೆ ಲೋಹದ ಮೇಲೆ ತಟ್ಟಿ ನೋಡ್ತಾ ಇದ್ದರು. ಸಣ್ಣಕ್ಕೆ ಏನೋ ಹಾಡಿಕೊಳ್ತಿದ್ದರು."

"ಕೊಲ್ಲಬೇಕಂತ ಇತ್ತೇನು?"

"ಇಲ್ಲ ಸಾರ್. ನನ್ನಾಣೆ ಇಲ್ಲ." ಅವನು ಮೇಜಿನ ಅಂಚು ಹಿಡಿದುಕೊಂಡ. "ನನಗೆ ಫೇಲ್ ಆಗಬೇಕಿತ್ತು."

ಉಮಾಪತಿ ಪೆನ್ನು ಕೆಳಗಿಟ್ಟರು.

"ತರಬೇತಿಯಲ್ಲಿ ಫೇಲ್ ಆದವರನ್ನು ಹಿಂದಕ್ಕೆ ಆಫೀಸಿಗೆ ಕಳಿಸ್ತಾರೆ ಸಾರ್, ಹಾಗೆ ನಿಯಮ ಉಂಟು. ನಾನು ಬೇಕಂತಲೇ ಎರಡು ಸಲ ತಪ್ಪು ಮಾಡಿದೆ. ಅವರು ಸಿಟ್ಟೇ ಮಾಡಲಿಲ್ಲ. ‘ಪರವಾಗಿಲ್ಲ ಬಾಲಕೃಷ್ಣ, ಇನ್ನೊಂದು ಸಲ ಹೇಳಿಕೊಡ್ತೀನಿ’ ಅಂದರು. ನನ್ನನ್ನು ಫೇಲ್ ಮಾಡಿ ಅಂತ ಬಾಯಿಬಿಟ್ಟು ಕೇಳಿದೆ. ‘ನನ್ನ ಕೈಲಿ ಯಾರೂ ಫೇಲ್ ಆಗಿಲ್ಲ, ನೀನೂ ಆಗಲ್ಲ’ ಅಂತ ಬೆನ್ನು ತಟ್ಟಿದರು. ಮನೆಗೆ ಕರ್ಕೊಂಡು ಹೋಗಿ ಊಟ ಹಾಕಿಸಿದರು."

"ಹಂಗಾಗಿ ಅರ್ಜಿ ಬರದಿ."

"ಒಂದು ದೊಡ್ಡ ತಪ್ಪು ಆಗಬೇಕು, ಅದಕ್ಕೆ ಮೊದಲೇ ಒಂದು ಕಾಗದ ಇರಬೇಕು ಅಂತ. ‘ತೆಗಿ’ ಕತೆ ಅವರೇ ಹೇಳಿದ್ದು. ಪ್ರಾಯದಲ್ಲಿ ಮೈಸೂರು ಕಡೆ ಎಲ್ಲಿಯೋ ಆ ಮಾತಿನಿಂದ ಅವರ ಜೊತೆಗಾರನ ಕೈ ಹೋಗಿತ್ತಂತೆ. ಅದಕ್ಕೇ ಆ ಶಬ್ದ ಬಿಟ್ಟದ್ದು. ಈ ಊರಲ್ಲಿ ಅದು ಯಾರಿಗೆ ಗೊತ್ತಾಗ್ತದೆ ಅಂತ ನಾನು..."

"ಚಕ್ರ ಎಷ್ಟು ತಿರುಗಿಸಿದಿ?"

"ಅರ್ಧ ಸುತ್ತು. ಅರ್ಧವೇ ಸಾರ್. ಕೆಳಗೆ ಡ್ರೇನ್ ಪೈಪ್ ಉಂಟಲ್ಲ, ಸೋರಿದ ಹಬೆ ಎಲ್ಲ ಅದರಲ್ಲಿ ಹೊರಗೆ ಹೋಗ್ತದೆ ಅಂತ ಮೊದಲ ವಾರ ಹೇಳಿಕೊಟ್ಟಿದ್ದರು. ಒಂದು ದೊಡ್ಡ ಶಬ್ದ ಆಗ್ತದೆ, ಅವರು ಹೆದರಿ ಮೇಲೆ ಬರ್ತಾರೆ, ಇವನಿಂದ ಆಗುವುದಿಲ್ಲ ಅಂತ ಬರೀತಾರೆ. ಅಷ್ಟೇ ನಾನು ಯೋಚನೆ ಮಾಡಿದ್ದು."

ಉಮಾಪತಿ ಕಡತದಿಂದ ಬಾಯ್ಲರ್ ಮನೆಯ ಹಾಳೆಯನ್ನು ತೆಗೆದು ಅವನ ಮುಂದೆ ಇಟ್ಟರು.

"ಇದನ್ನ ಟೈಪ್ ಮಾಡಿದವರು ಯಾರು?"

"ನಾನೇ. ಡಿಸೆಂಬರ್‌ನಲ್ಲಿ. ಗುಂಡಪ್ಪ ಸಾರ್ ಕೈಯಲ್ಲಿ ಬರೆದು ಕೊಟ್ಟದ್ದು. ನಲವತ್ತು ಪ್ರತಿ."

"ಏಳನೇ ಸಾಲು ಓದು."

ಅವನು ಹಾಳೆಯನ್ನು ಹತ್ತಿರ ಹಿಡಿದ. ಇಂಗ್ಲಿಷಿನಲ್ಲಿ ಇದ್ದದ್ದನ್ನು ಒಂದೊಂದೇ ಮಾತಾಗಿ ಓದಿದ. ಒಂದನೇ ಬಾಯ್ಲರ್‌ನ ಡ್ರೇನ್ ಪೈಪ್ ತುಕ್ಕು ಹಿಡಿದು ಕಟ್ಟಿಕೊಂಡಿದೆ. ದುರಸ್ತಿಗೆ ಎರಡು ಸಲ ಬರೆದಾಗಿದೆ. ಅಲ್ಲಿಯವರೆಗೆ ವಾಲ್ವ್ ಅರ್ಧ ಸುತ್ತು ತಿರುಗಿದರೂ ಒಳಗಿದ್ದವನು ಉಳಿಯುವುದಿಲ್ಲ. ಬೀಗವೇ ಜೀವ.

ಹಲಧರ್ ಟೈಪ್ ಮಾಡುವುದನ್ನು ನಿಲ್ಲಿಸಿದ. ಅವನಿಗೆ ಭಾಷೆ ಪೂರ್ತಿ ಅರ್ಥವಾಗಿರಲಿಲ್ಲ, ಕೋಣೆಯಲ್ಲಿ ಏನೋ ಆದದ್ದು ಅರ್ಥವಾಗಿತ್ತು.

"ನಲವತ್ತು ಸಲ ಹೊಡದಿ ಇದನ್ನ," ಎಂದರು ಉಮಾಪತಿ.

"ಟೈಪಿಸ್ಟ್ ಓದುವುದಿಲ್ಲ ಸಾರ್," ಬಾಲಕೃಷ್ಣ ಹಾಳೆಯಿಂದ ಕಣ್ಣು ತೆಗೆಯದೆ ಹೇಳಿದ. "ನೋಡಿ ಹೊಡೆಯುವುದು. ಓದಿದರೆ ಸ್ಪೀಡ್ ಬೀಳ್ತದೆ."

ಆಮೇಲೆ ಅವನು ಅದೇ ಸಾಲನ್ನು ಇನ್ನೊಂದು ಸಲ ಓದಿದ, ಯಾರೂ ಹೇಳದೆಯೇ. ಉಮಾಪತಿ ಹಾಳೆಯನ್ನು ಕೈಯಿಂದ ಬಿಡಿಸಿಕೊಳ್ಳಬೇಕಾಯಿತು. ಮಧ್ಯಾಹ್ನ ಅವನನ್ನು ಅಲಿಪುರದ ಕೋರ್ಟಿಗೆ ಹಾಜರುಪಡಿಸಿದರು.

ಕೇಸಿನ ಡೈರಿಯಲ್ಲಿ ಉದ್ದೇಶ ಎಂಬ ಜಾಗದಲ್ಲಿ ಉಮಾಪತಿ ಬರೆದದ್ದು ಚಿಕ್ಕದು: ಆರೋಪಿಗೆ ಮೃತನ ಮೇಲೆ ದ್ವೇಷವಿರಲಿಲ್ಲ. ಇಪ್ಪತ್ತೆರಡು ವರ್ಷ ಕೂತ ಕುರ್ಚಿಗೆ ಮರಳುವ ಆಸೆ ಇತ್ತು. ಅವನ ಮೂರು ಅರ್ಜಿಗಳಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಡ್ರೇನ್ ಪೈಪಿನ ದುರಸ್ತಿಗೆ ಗುಂಡಪ್ಪ ಬರೆದ ಎರಡು ಕಾಗದಗಳಿಗೂ ಉತ್ತರ ಬಂದಿರಲಿಲ್ಲ. ಅವುಗಳ ಪ್ರತಿಯನ್ನು ಉಮಾಪತಿ ಬೇರೆ ಪತ್ರದೊಂದಿಗೆ ಕಾರ್ಖಾನೆ ತಪಾಸಣಾ ಇಲಾಖೆಗೆ ಕಳಿಸಿದರು. ಆ ಪೈಪಿನ ಕೆಲಸ ಆ ತಿಂಗಳೇ ಆಯಿತು.

ಏಪ್ರಿಲ್ ಎರಡು, ಶುಕ್ರವಾರ. ದೋಷಾರೋಪ ಪಟ್ಟಿಯ ಜೊತೆಗೆ ಕಂಪನಿಯ ತಿದ್ದಿದ ವರದಿಯ ಪ್ರತಿಯನ್ನೂ ಹಿಡಿದು ಉಮಾಪತಿ ಸಂಜೆ ಆರೂವರೆಗೆ ಸಾವಿತ್ರಿಯವರ ಕ್ವಾರ್ಟರ್ಸಿಗೆ ಹೋದರು. ಸಾವಿತ್ರಿ ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕಿತ್ತು, ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ದೇವರ ಗೂಡು ಮಾತ್ರ ಹಾಗೇ ಇತ್ತು.

ಅವರು ಕನ್ನಡಕ ಹಾಕಿಕೊಂಡು ವರದಿ ಓದಿದರು. ಫೋರ್‌ಮನ್ ಅಸ್ಪಷ್ಟ ಆಜ್ಞೆ ಕೊಟ್ಟರು ಎಂಬ ಸಾಲು ಹೋಗಿತ್ತು. ಬೀಗ ಹಾಕಲಾಗಿತ್ತು ಎಂದು ಬರೆದಿದ್ದರು. ಕೀಲಿಯನ್ನು ಕಲಿಯುವವನ ಕೈಗೆ ಕೊಟ್ಟದ್ದು ನಿಯಮಬಾಹಿರ ಎಂಬ ಸಾಲು ಉಳಿದಿತ್ತು.

"ಅದು ನಿಜವೇ," ಎಂದರು ಸಾವಿತ್ರಿ. "ಅದು ಇರಲಿ. ನಾನೂ ಅದನ್ನೇ ಹೇಳಿ ಹೇಳಿ ಸಾಕಾಗಿದ್ದೆ."

ವರದಿಯನ್ನು ಮಡಿಸುತ್ತ ಕೇಳಿದರು, "ಅವನ ಹೆಂಡತಿ ಏನ್ ಮಾಡ್ತಿದ್ದಾಳೆ? ಅನಸೂಯ?"

"ಊರಿಗೆ ಹೋಗ್ಯಾರ. ಕುಂದಾಪುರಕ್ಕ."

"ಊಟಕ್ಕೆ ಬಂದಾಗ ಅವನು ತಲೆ ಎತ್ತಿ ಮಾತಾಡ್ತಿರಲಿಲ್ಲ. ನಾಚಿಕೆ ಸ್ವಭಾವ ಅಂದ್ಕೊಂಡಿದ್ದೆ. ನಾನಾದ್ರೂ ಕೇಳಬೇಕಿತ್ತು, ನಿನಗೆ ಈ ಕೆಲಸ ಇಷ್ಟ ಇದೆಯೇನಪ್ಪ ಅಂತ. ಇವರಂತೂ ಕೇಳೋರಲ್ಲ. ಕಲಿಸೋದೊಂದೇ ಗೊತ್ತು."

ಉಮಾಪತಿ ಕಾಫಿ ಮುಗಿಸಿ ಲೋಟ ಕೆಳಗಿಟ್ಟು ಎದ್ದರು. ಸಾವಿತ್ರಿ ಬಾಗಿಲವರೆಗೆ ಬಂದರು. ಹೊರಗೆ ಮೆಟ್ಟಿಲು ಕತ್ತಲಾಗಿತ್ತು.

"ಸ್ವಿಚ್ ಎಡಗಡೆ ಇದೆ ಸಾರ್. ಲೈಟ್ ಹರಿಸ್ಕೊಂಡು ಹೋಗಿ."

ಉಮಾಪತಿ ಗೋಡೆ ತಡವಿ ಸ್ವಿಚ್ ಒತ್ತಿದರು. ಕೆಳಗಿನ ಬಾಗಿಲು ತಲುಪಿದಾಗ ಅಲ್ಲಿಯೂ ಒಂದು ಸ್ವಿಚ್ ಇತ್ತು. ಮೇಲೆ ಸಾವಿತ್ರಿ ಇನ್ನೂ ನಿಂತಿದ್ದರು.

"ನಿಲ್ಲಸ್ಲೇನ್ರೀ ಅಮ್ಮಾರ?" ಎಂದು ಅವರು ಕೆಳಗಿನಿಂದ ಕೇಳಿದರು.

"ನಿಲ್ಲಿಸಿ," ಎಂದರು ಸಾವಿತ್ರಿ.